ಒಂದು ಕುಂಚ, ಹಲವು ಕಸುಬು

ಕಾರ್ಟೂನು ಚಲಚ್ಚಿತ್ರವನ್ನು ಒಮ್ಮೆಯಾದರೂ ನೋಡಿರದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಬಹುಶಃ ಒಬ್ಬನೂ ಇರಲಾರನು. ಇಲಿಯು ಮಾತನಾಡುವುದನ್ನೂ, ಬಾತುಕೋಳಿಯು ಸಿಡಿಮಿಡಿಗೊಳ್ಳುವುದನ್ನೂ, ಜಿಂಕೆಯ ಮರಿಯೊಂದು ಹೆಪ್ಪುಗಟ್ಟಿದ ಕೊಳದ ಮೇಲೆ ಕಾಲು ಜಾರಿ ಬೀಳುವುದನ್ನೂ ಕಂಡು ನಾವೆಲ್ಲರೂ ನಕ್ಕವರೇ. ಆದರೆ ಆ ಜಿಂಕೆಯ ಹಿಂದೆ ನಿಂತಿರುವ ಕಾಡನ್ನು ಬರೆದವರು ಯಾರು, ಆ ಕಾಡು ಹಾಗೆಯೇ ಏಕೆ ಇದೆ ಎಂದು ಕೇಳಿದವರು ನಮ್ಮಲ್ಲಿ ವಿರಳ. ನಮ್ಮ ಕಣ್ಣು ಓಡುವ ಪ್ರಾಣಿಯನ್ನು ಹಿಂಬಾಲಿಸುತ್ತದೆಯೇ ಹೊರತು ನಿಂತ ಮರವನ್ನು ನೋಡುವುದಿಲ್ಲ.

ಅಂತಹ ಒಂದು ಕಾಡನ್ನು ಕಲ್ಪಿಸಿದ ಚಿತ್ರಗಾರರನ್ನು ಈ ಲೇಖನದಲ್ಲಿ ನಾವು ಪರಿಚಯ ಮಾಡಿಕೊಳ್ಳೋಣ. ಅವರ ಹೆಸರು ಟೈರಸ್ ವಾಂಗ್. ಚೀನಾ ದೇಶದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ೧೦೬ ವರ್ಷಗಳ ತುಂಬು ಬಾಳನ್ನು ಬಾಳಿ, ೨೦೧೬ರ ಡಿಸೆಂಬರ್ ೩೦ರಂದು ಅವರು ತೀರಿಕೊಂಡರು. ಭಿತ್ತಿಚಿತ್ರ, ಕಾರ್ಟೂನು ಚಿತ್ರ, ನಟನಟಿಯರ ಚಲಚ್ಚಿತ್ರ, ಶುಭಾಶಯ ಪತ್ರ, ಪಿಂಗಾಣಿ ತಟ್ಟೆ, ಕಟ್ಟಕಡೆಗೆ ಗಾಳಿಪಟ, ಇಷ್ಟು ಬಗೆಯ ಕಸುಬುಗಳಲ್ಲಿ ಅವರು ಕೈಯಾಡಿಸಿದರು. ಕಸುಬುಗಳು ಹಲವಾದರೂ ಅವರ ಕಲೆಯ ಗುಟ್ಟು ಒಂದೇ ಆಗಿತ್ತು. ಆ ಗುಟ್ಟು ಯಾವುದೆಂಬುದನ್ನು ವಿಚಾರಿಸುವುದೇ ಇಲ್ಲಿ ನಮ್ಮ ಉದ್ದೇಶ.

ಮೊದಲು ಕಾರ್ಟೂನು ಚಲಚ್ಚಿತ್ರ ಹೇಗೆ ಸಿದ್ಧವಾಗುತ್ತದೆಂಬುದನ್ನು ತಿಳಿದುಕೊಳ್ಳಬೇಕು. ಚಲಚ್ಚಿತ್ರವೆಂದರೆ ಒಂದರ ಹಿಂದೆ ಒಂದರಂತೆ ವೇಗವಾಗಿ ಸರಿಯುವ ಸ್ಥಿರ ಚಿತ್ರಗಳ ಸಾಲು. ಒಂದು ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ೨೪ ಚಿತ್ರಗಳು ಪರದೆಯ ಮೇಲೆ ಬಂದು ಹೋಗುತ್ತವೆ. ನಮ್ಮ ಕಣ್ಣು ಅವುಗಳನ್ನು ಬಿಡಿಬಿಡಿಯಾಗಿ ಕಾಣಲಾರದೆ ಒಂದೇ ಚಲನೆಯೆಂದು ಭಾವಿಸುತ್ತದೆ. ೭೦ ನಿಮಿಷಗಳ ಚಿತ್ರವನ್ನು ತೆಗೆದುಕೊಳ್ಳಿ. ೭೦ ನಿಮಿಷಗಳಿಗೆ ೪,೨೦೦ ಸೆಕೆಂಡುಗಳು. ಅದನ್ನು ೨೪ರಿಂದ ಗುಣಿಸಿದರೆ ೧,೦೦,೮೦೦ ಆಯಿತು. ಒಂದೇ ಚಿತ್ರವನ್ನು ಎರಡೆರಡು ಬಾರಿ ಬಳಸಿದರೂ ಅರ್ಧ ಲಕ್ಷ ಚಿತ್ರಗಳಾದರೂ ಬೇಕು. ಇಷ್ಟನ್ನು ಒಬ್ಬನೇ ಬರೆಯುವುದು ಸಾಧ್ಯವಿಲ್ಲ. ಆದುದರಿಂದಲೇ ಅಲ್ಲಿ ಕೆಲಸದ ಹಂಚಿಕೆಯಿದೆ.

ಪಳಗಿದ ಚಿತ್ರಗಾರನು ಒಂದು ಚಲನೆಯ ಮುಖ್ಯವಾದ ಕೆಲವು ಭಂಗಿಗಳನ್ನು ಮಾತ್ರ ಬರೆಯುತ್ತಾನೆ. ಜಿಂಕೆಯು ಹಾರಲು ಮೈ ಕುಗ್ಗಿಸಿದುದು ಒಂದು, ಗಾಳಿಯಲ್ಲಿ ತೇಲಿದುದು ಒಂದು, ನೆಲಕ್ಕೆ ಕಾಲೂರಿದುದು ಒಂದು. ಈ ಭಂಗಿಗಳ ನಡುವೆ ಬರಬೇಕಾದ ಚಿತ್ರಗಳನ್ನು ಬರೆಯಲು ಬೇರೆ ಸಹಾಯಕರಿರುತ್ತಾರೆ. ಮೊದಲಿನದಕ್ಕಿಂತ ಕೂದಲೆಳೆಯಷ್ಟು ಮುಂದೆ, ಅದಕ್ಕಿಂತ ಕೂದಲೆಳೆಯಷ್ಟು ಮುಂದೆ ಎಂದು ದಿನವಿಡೀ ಗೆರೆ ಎಳೆಯುವುದೇ ಅವರ ಕೆಲಸ. ಹಿಂದಿನ ಕಾಲದಲ್ಲಿ ಈ ಚಿತ್ರಗಳನ್ನು ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಮಸಿಯಿಂದ ತಿದ್ದಿ, ಬೆನ್ನಿನ ಕಡೆಯಿಂದ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು ಒಂದೊಂದಾಗಿ ಛಾಯಾಗ್ರಹಣ ಮಾಡುತ್ತಿದ್ದರು. ಪ್ರಾಣಿಯ ಹಾಳೆ ಬದಲಾಗುತ್ತಿತ್ತು. ಹಿನ್ನೆಲೆಯ ಕಾಡು, ಹೊಳೆ, ಬೆಟ್ಟ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಈಗ ಈ ಕೆಲಸದ ಬಹುಭಾಗ ಗಣಕಯಂತ್ರದಲ್ಲಿಯೇ ನಡೆಯುತ್ತದೆಯಾದರೂ ಮೂಲ ತತ್ತ್ವ ಬದಲಾಗಿಲ್ಲ.

ಇನ್ನು ಕಲಾ ನಿರ್ದೇಶಕನ ಪಾತ್ರ. ನೂರಾರು ಕೈಗಳು ಬರೆದ ಚಿತ್ರಗಳು ಒಂದೇ ಕೈ ಬರೆದಂತೆ ಕಾಣಬೇಡವೇ? ಈ ಕಥೆಯ ಬಣ್ಣ ಯಾವುದು, ಬೆಳಕು ಎಲ್ಲಿಂದ ಬರಬೇಕು, ಮರವು ಎಲೆ ಎಲೆಯಾಗಿ ಕಾಣಬೇಕೋ ನೆರಳಿನಂತೆ ಕಾಣಬೇಕೋ, ದುಃಖದ ದೃಶ್ಯಕ್ಕೂ ಸಂತೋಷದ ದೃಶ್ಯಕ್ಕೂ ಏನು ವ್ಯತ್ಯಾಸ ಎಂಬುದನ್ನೆಲ್ಲ ನಿರ್ಧರಿಸಿ ಉಳಿದವರಿಗೆ ದಾರಿ ತೋರಿಸುವುದು ಆ ಸ್ಥಾನದ ಹೊಣೆ. ಟೈರಸ್ ವಾಂಗರು ತಮ್ಮ ಅತಿ ಪ್ರಸಿದ್ಧ ಚಿತ್ರದಲ್ಲಿ ಮಾಡಿದುದು ಬಹುಮಟ್ಟಿಗೆ ಈ ಕೆಲಸವನ್ನೇ. ಆದರೆ ಆ ಪದವಿ ಅವರಿಗಿರಲಿಲ್ಲ. ಅದು ಹೇಗಾಯಿತೆಂಬುದನ್ನು ತಿಳಿಯಲು ಅವರ ಬಾಲ್ಯದಿಂದಲೇ ತೊಡಗಬೇಕು.

೧೯೧೦ರ ಅಕ್ಟೋಬರ್ ೨೫ರಂದು ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಈ ಬಾಲಕನು ಜನಿಸಿದನು. ಮನೆಯವರು ಇಟ್ಟ ಹೆಸರು ವಾಂಗ್ ಗೆನ್ ಯೊ. ಬಡತನವು ಕಾಡುತ್ತಿದ್ದ ಆ ನಾಡಿನಿಂದ ಸಾವಿರಾರು ಮಂದಿ ಕೂಲಿನಾಲಿಗಾಗಿ ಸಮುದ್ರ ದಾಟಿ ಅಮೆರಿಕಕ್ಕೆ ಹೋಗುತ್ತಿದ್ದರು. ಆದರೆ ಅಲ್ಲಿನ ಬಾಗಿಲು ಮುಚ್ಚಿತ್ತು. ೧೮೮೨ರಲ್ಲಿ ಅಮೆರಿಕವು ಚೀನೀ ಕೂಲಿಕಾರರು ಒಳಬರದಂತೆ ಕಾನೂನು ಮಾಡಿತ್ತು. ವ್ಯಾಪಾರಿಗಳಿಗೂ ಅವರ ಮಕ್ಕಳಿಗೂ, ಅಮೆರಿಕದ ಪ್ರಜೆಗಳೆನಿಸಿಕೊಂಡವರ ಮಕ್ಕಳಿಗೂ ವಿನಾಯಿತಿಯಿತ್ತು. ೧೯೦೬ರಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಭೂಕಂಪವಾಗಿ, ಅದರ ಹಿಂದೆಯೇ ಎದ್ದ ಬೆಂಕಿಯಲ್ಲಿ ಜನನದ ದಾಖಲೆಗಳು ಸುಟ್ಟುಹೋದವು. ದಾಖಲೆಯಿಲ್ಲದ ಮೇಲೆ ಹೇಳಿದ್ದೇ ದಾಖಲೆ. ಅಂದಿನಿಂದ ಅನೇಕರು ಬೇರೊಬ್ಬರ ಮಗನೆಂದು ಕಾಗದಪತ್ರ ಮಾಡಿಸಿಕೊಂಡು ಒಳಹೋಗತೊಡಗಿದರು. ಇಂತಹವರಿಗೆ ‘ಕಾಗದದ ಮಕ್ಕಳು’ ಎಂದೇ ಹೆಸರಾಯಿತು.

೧೯೨೦ರಲ್ಲಿ ನಮ್ಮ ಬಾಲಕನೂ ತಂದೆಯೊಡನೆ ಹಡಗನ್ನೇರಿದನು. ತಾಯಿಯೂ ಅಕ್ಕತಂಗಿಯ ಬಂಧವೂ ಊರಿನಲ್ಲಿಯೇ ಉಳಿಯಿತು. ಆಮೇಲೆ ಅವನು ತಾಯಿಯನ್ನು ಮತ್ತೆಂದೂ ಕಾಣಲಿಲ್ಲ. ಅವನ ಕಾಗದಗಳಲ್ಲಿದ್ದ ಹೆಸರು ಬೇರೆಯೇ ಆಗಿತ್ತು: ಲುಕ್ ಟಾಯ್ ಯೌ. ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿರುವ ಏಂಜೆಲ್ ಐಲೆಂಡ್ ಎಂಬ ದ್ವೀಪದಲ್ಲಿ ಚೀನೀಯರನ್ನು ಇಳಿಸಿಕೊಂಡು ವಿಚಾರಣೆ ನಡೆಸುತ್ತಿದ್ದರು. ತಂದೆಯು ಹಿಂದೆಯೇ ಅಮೆರಿಕದಲ್ಲಿದ್ದವನಾದ್ದರಿಂದ ಅವನನ್ನು ಬೇಗನೆ ಬಿಟ್ಟರು. ಬಾಲಕನು ಮಾತ್ರ ಹತ್ತಿರ ಹತ್ತಿರ ಒಂದು ತಿಂಗಳು ಆ ದ್ವೀಪದಲ್ಲಿ ಒಬ್ಬನೇ ಇರಬೇಕಾಯಿತು. ನಿಮ್ಮ ಮನೆಗೆ ಮೆಟ್ಟಿಲುಗಳೆಷ್ಟು, ಊರಿನ ಬಾವಿ ಎಲ್ಲಿದೆ, ನೆರೆಮನೆಯವರು ಯಾರು ಎಂಬಂತಹ ಪ್ರಶ್ನೆಗಳನ್ನು ಅಧಿಕಾರಿಗಳು ತಂದೆಗೂ ಮಗನಿಗೂ ಬೇರೆ ಬೇರೆಯಾಗಿ ಕೇಳುತ್ತಿದ್ದರು. ಉತ್ತರಗಳು ಹೊಂದದಿದ್ದರೆ ಬಂದ ಹಡಗಿನಲ್ಲಿಯೇ ಹಿಂದಕ್ಕೆ. ಇಂತಹ ವಿಚಾರಣೆಯ ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡು ಬರುವುದು ಆಗಿನ ರೂಢಿ. ಹತ್ತು ವರ್ಷದ ಆ ಬಾಲಕನು ತಪ್ಪಿಲ್ಲದೆ ಉತ್ತರ ಹೇಳಿ ಪಾರಾದನು. ವಾರ್ಷಿಕ ಪರೀಕ್ಷೆಗೆ ಅಂಜುವ ನಾವು ಈ ಪರೀಕ್ಷೆಯನ್ನು ಒಮ್ಮೆ ನೆನೆಯಬೇಕು.

ಸಾಕ್ರಮೆಂಟೊ ಎಂಬ ಊರಿನಲ್ಲಿ ಅವನು ಶಾಲೆಗೆ ಸೇರಿದನು. ‘ಟಾಯ್ ಯೌ’ ಎಂಬುದು ಉಪಾಧ್ಯಾಯಿನಿಯ ನಾಲಗೆಗೆ ಒಗ್ಗದೆ ‘ಟೈರಸ್’ ಆಯಿತು. ಪರಸ್ಥಳದ ಶಾಲೆಗಳಲ್ಲಿ ನಮ್ಮ ಹೆಸರುಗಳೂ ಹೀಗೆ ರೂಪಾಂತರ ಹೊಂದುವುದುಂಟಷ್ಟೆ. ಮುಂದೆ ಮನೆತನದ ಹೆಸರಾದ ವಾಂಗ್ ಅದರೊಡನೆ ಸೇರಿ ಅವನು ಟೈರಸ್ ವಾಂಗ್ ಎನಿಸಿದನು. ಒಂದು ಮಾತಿನಲ್ಲಿ ಹೇಳುವುದಾದರೆ, ಮನೆಯವರು ಇಟ್ಟುದು ಒಂದು, ಕಾಗದದಲ್ಲಿದ್ದುದು ಇನ್ನೊಂದು, ಶಾಲೆ ಕೊಟ್ಟುದು ಮತ್ತೊಂದು ಎಂದು ಮೂರು ಹೆಸರುಗಳ ನಡುವೆ ಅವನು ಬೆಳೆದನು.

ತಂದೆಗೆ ಹಣವಿರಲಿಲ್ಲ, ಆದರೆ ಮಗನ ಕೈಯಲ್ಲಿ ಏನಿದೆಯೆಂಬುದನ್ನು ಕಾಣುವ ಕಣ್ಣಿತ್ತು. ಚೀನೀಯರಲ್ಲಿ ಅಕ್ಷರವನ್ನು ಲೇಖನಿಯಿಂದಲ್ಲ, ಕುಂಚದಿಂದ ಬರೆಯುವ ಸಂಪ್ರದಾಯ. ಅಲ್ಲಿ ಸುಂದರ ಬರವಣಿಗೆಯೇ ಒಂದು ದೊಡ್ಡ ಕಲೆ. ತಂದೆಯು ಪ್ರತಿ ರಾತ್ರಿ ಮಗನಿಗೆ ಅದನ್ನು ಕಲಿಸತೊಡಗಿದನು. ಮಸಿಗೂ ಒಳ್ಳೆಯ ಕಾಗದಕ್ಕೂ ಕಾಸಿಲ್ಲದುದರಿಂದ ಹುಡುಗನು ಕುಂಚವನ್ನು ನೀರಿನಲ್ಲಿ ಅದ್ದಿ ಹಳೆಯ ವೃತ್ತಪತ್ರಿಕೆಯ ಮೇಲೆ ಬರೆಯುತ್ತಿದ್ದನು.

ಈ ಅಭ್ಯಾಸದಲ್ಲಿ ಎಂತಹ ಪಾಠ ಅಡಗಿದೆಯೆಂಬುದನ್ನು ಗಮನಿಸಬೇಕು. ನೀರಿನ ಗೆರೆ ಕ್ಷಣ ಮಾತ್ರ ಕಾಣುತ್ತದೆ, ಆರಿದೊಡನೆ ಮಾಯವಾಗುತ್ತದೆ. ಅದನ್ನು ತಿದ್ದಲಾಗದು, ಅಳಿಸಲಾಗದು, ಯಾರಿಗೂ ತೋರಿಸಿ ಹೊಗಳಿಸಿಕೊಳ್ಳಲೂ ಆಗದು. ಗೆರೆಯು ಹೋದರೂ ಕೈಗೆ ಹತ್ತಿದ ಹದ ಹೋಗುವುದಿಲ್ಲ. ಎಲ್ಲಿ ಒತ್ತಬೇಕು, ಎಲ್ಲಿ ತೇಲಿಸಬೇಕು, ಎಲ್ಲಿ ಕುಂಚವನ್ನು ಮೇಲೆತ್ತಿಬಿಡಬೇಕು ಎಂಬ ಈ ಮೂರನ್ನು ಅವನು ನೀರಿನಿಂದಲೇ ಕಲಿತನು. ಕಡಮೆ ಗೆರೆಗಳಲ್ಲಿ ಹೆಚ್ಚನ್ನು ಹೇಳುವ ಶಕ್ತಿ ಅವನಿಗೆ ಬಂದುದು ಇಲ್ಲಿಂದ.

ಮುಂದೆ ಲಾಸ್ ಏಂಜಲೀಸ್ ಬಳಿಯ ಪಸಡೀನಾದ ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದಾಗ ಅಧ್ಯಾಪಕರೊಬ್ಬರು ಅವನ ಚಿತ್ರಗಳನ್ನು ಕಂಡು ಮೆಚ್ಚಿ, ಲಾಸ್ ಏಂಜಲೀಸಿನ ಓಟಿಸ್ ಕಲಾಶಾಲೆಯಲ್ಲಿ ಬೇಸಿಗೆಯ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ ದೊರಕಿಸಿಕೊಟ್ಟರು. ಬೇಸಿಗೆ ಮುಗಿಯಿತು, ಹುಡುಗನಿಗೆ ಹಳೆಯ ಶಾಲೆಗೆ ಮರಳುವ ಮನಸ್ಸಾಗಲಿಲ್ಲ. ಒಂದು ಅವಧಿಯ ಶುಲ್ಕ ೯೦ ಡಾಲರುಗಳು. ತಂದೆಯು ಅದನ್ನು ಹೇಗೋ ಹೊಂದಿಸಿಕೊಟ್ಟನು. ಆ ಮೇಲೆ ಕಲಾಶಾಲೆಯೇ ವಿದ್ಯಾರ್ಥಿವೇತನ ನೀಡಿತು. ಟೈರಸ್ಸನು ಆ ಶಾಲೆಯ ಕಸ ಗುಡಿಸುವ ಕೆಲಸವನ್ನೂ ಮಾಡುತ್ತ ವ್ಯಾಸಂಗ ಮುಂದುವರಿಸಿದನು. ತರಗತಿಯಲ್ಲಿ ಪಾಶ್ಚಾತ್ಯ ಚಿತ್ರಕಲೆ; ಬಿಡುವಿನಲ್ಲಿ ನಗರದ ಗ್ರಂಥಾಲಯಕ್ಕೆ ಹೋಗಿ ಚೀನಾ ದೇಶದ ಸೋಂಗ್ ಅರಸುಮನೆತನದ ಕಾಲದ ಚಿತ್ರಗಳ ಅಧ್ಯಯನ.

ಈ ಸೋಂಗ್ ಕಾಲದ ಚಿತ್ರಗಳ ವಿಷಯವಾಗಿ ಎರಡು ಮಾತು ಹೇಳದೆ ನಮ್ಮ ಕಥೆ ಮುಂದೆ ಸಾಗದು. ಸೋಂಗ್ ಅರಸರು ಕ್ರಿ.ಶ. ೯೬೦ರಿಂದ ೧೨೭೯ರ ವರೆಗೆ ಆಳಿದರು. ಆ ಕಾಲದ ಚಿತ್ರಗಾರರು ಬೆಟ್ಟ, ನೀರು, ಮಂಜುಗಳನ್ನು ಬರೆಯುವುದರಲ್ಲಿ ಸಿದ್ಧಹಸ್ತರು. ಅವರ ವೈಶಿಷ್ಟ್ಯವೆಂದರೆ ಎಲ್ಲವನ್ನೂ ಬರೆಯದಿರುವುದು. ಬೆಟ್ಟದ ತುದಿಯನ್ನು ಬರೆದು ನಡುವನ್ನು ಖಾಲಿ ಬಿಡುತ್ತಾರೆ; ನೋಡುವವನು ಅಲ್ಲಿ ಮಂಜು ಕವಿದಿದೆಯೆಂದು ತಿಳಿಯುತ್ತಾನೆ. ದೋಣಿಯನ್ನು ಬರೆದು ಸುತ್ತಲೂ ಬಿಳಿಯ ರೇಷ್ಮೆಯನ್ನೇ ಉಳಿಸುತ್ತಾರೆ, ಅದು ನದಿಯಾಗುತ್ತದೆ. ಮಾ ಯುವಾನ್ ಎಂಬ ಚಿತ್ರಗಾರನು ಪಟದ ಒಂದು ಮೂಲೆಯಲ್ಲಿ ಮಾತ್ರ ಬರೆದು ಉಳಿದುದನ್ನು ಬರಿದಾಗಿ ಬಿಡುತ್ತಿದ್ದುದರಿಂದ ‘ಒಂದು ಮೂಲೆಯ ಮಾ’ ಎಂದೇ ಹೆಸರಾದನು. ಬರೆಯದೆ ಬಿಟ್ಟ ಜಾಗವು ಖಾಲಿಯಲ್ಲ, ಅದು ನೋಡುವವನ ಪಾಲು ಎಂಬುದು ಆ ಕಲೆಯ ತಿರುಳು.

ಕಲಾಶಾಲೆಯಿಂದ ಹೊರಬಂದ ತರುಣ ಚಿತ್ರಗಾರರಿಗೆ ಆಗ ಒಳ್ಳೆಯ ಕಾಲವಲ್ಲ. ಅಮೆರಿಕದಲ್ಲೆಲ್ಲ ಆರ್ಥಿಕ ಮುಗ್ಗಟ್ಟು. ವಾಂಗರು ಲಾಸ್ ಏಂಜಲೀಸಿನ ಚೀನೀಪೇಟೆಯಲ್ಲಿದ್ದ ‘ಡ್ರ್ಯಾಗನ್ಸ್ ಡೆನ್’ ಎಂಬ ಭೋಜನಗೃಹದ ಗೋಡೆಗಳ ಮೇಲೆ ಗೆಳೆಯರೊಡನೆ ಚಿತ್ರ ಬರೆದರು. ಅಲ್ಲಿಯೇ ಬಡಿಸುವ ಕೆಲಸವನ್ನೂ ಮಾಡಿದರು. ನಿರುದ್ಯೋಗಿ ಕಲಾವಿದರಿಗೆಂದು ಸರಕಾರವು ತೆರೆದಿದ್ದ ಯೋಜನೆಯಲ್ಲಿಯೂ ಕೆಲ ಕಾಲ ದುಡಿದರು. ೧೯೩೭ರಲ್ಲಿ ಅವರ ವಿವಾಹವಾಯಿತು. ಸಂಸಾರ ಬೆಳೆದಾಗ ತಿಂಗಳು ತಿಂಗಳೂ ಸಂಬಳ ಬರುವ ಕೆಲಸ ಬೇಕಾಯಿತು. ೧೯೩೮ರಲ್ಲಿ ಅವರು ವಾಲ್ಟ್ ಡಿಸ್ನಿಯವರ ಚಿತ್ರಶಾಲೆಯನ್ನು ಸೇರಿದರು.

ಅಲ್ಲಿ ಅವರಿಗೆ ದೊರೆತುದು ಹಿಂದೆ ನಾವು ಹೇಳಿದ ನಡುಚಿತ್ರಗಳನ್ನು ಬರೆಯುವ ಕೆಲಸ. ಬೆಳಗಿನಿಂದ ಸಂಜೆಯ ವರೆಗೆ ದೀಪದ ಗಾಜಿನ ಮೇಲೆ ಹಾಳೆಯಿಟ್ಟು ಇಲಿಯ ಕೈಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋಗುವುದು. ಕುಂಚ ಹಿಡಿದು ಬೆಟ್ಟವನ್ನೇ ಮೂರು ಗೆರೆಗಳಲ್ಲಿ ನಿಲ್ಲಿಸಬಲ್ಲವರಿಗೆ ಇದು ಎಷ್ಟು ಬೇಸರದ ಕೆಲಸವಾಗಿರಬಹುದೆಂದು ಊಹಿಸಿಕೊಳ್ಳಬಹುದು.

ಆ ವೇಳೆಗೆ ಡಿಸ್ನಿಯವರ ಶಾಲೆಯಲ್ಲಿ ‘ಬ್ಯಾಂಬಿ’ ಎಂಬ ಚಿತ್ರದ ಸಿದ್ಧತೆ ನಡೆದಿತ್ತು. ಆಸ್ಟ್ರಿಯಾ ದೇಶದ ಲೇಖಕ ಫೆಲಿಕ್ಸ್ ಸಾಲ್ಟನ್ ೧೯೨೩ರಲ್ಲಿ ಪ್ರಕಟಿಸಿದ ಕಾದಂಬರಿ ಅದರ ಮೂಲ. ಕಾಡಿನಲ್ಲಿ ಹುಟ್ಟಿದ ಜಿಂಕೆಯೊಂದು ತಾಯಿಯನ್ನು ಕಳೆದುಕೊಂಡು, ಕಷ್ಟಗಳನ್ನು ದಾಟಿ, ದೊಡ್ಡದಾಗಿ ಬೆಳೆಯುವ ಕಥೆ. ಜಿಂಕೆಯ ಮೈಕಟ್ಟನ್ನು ಅರಿಯಲು ಜೀವಂತ ಜಿಂಕೆಯ ಮರಿಗಳನ್ನೇ ಚಿತ್ರಶಾಲೆಗೆ ತರಿಸಿಕೊಂಡಿದ್ದರು. ಪ್ರಾಣಿಗಳೇನೋ ಸರಿಹೋದವು, ಕಾಡು ಮಾತ್ರ ಸರಿಹೋಗಲಿಲ್ಲ. ಹಿನ್ನೆಲೆಯ ಚಿತ್ರಗಾರರು ಒಂದೊಂದು ಎಲೆಯನ್ನೂ ಒಂದೊಂದು ಕಡ್ಡಿಯನ್ನೂ ಶ್ರದ್ಧೆಯಿಂದ ಬರೆದಿದ್ದರು. ಅದರ ಮುಂದೆ ಜಿಂಕೆಯನ್ನು ನಿಲ್ಲಿಸಿದರೆ ಜಿಂಕೆಯೇ ಕಾಣದು!

ಇದರ ಕಾರಣವನ್ನು ವಿವರಿಸುವುದು ಅವಶ್ಯ. ಕಾರ್ಟೂನು ಚಿತ್ರದ ಪ್ರಾಣಿಯು ತೆಳುವಾದ ಗೆರೆಯಿಂದಲೂ ಸಪಾಟಾದ ಬಣ್ಣದಿಂದಲೂ ಆದುದು. ಸಾವಿರ ಎಲೆಗಳ ನಡುವೆ ಆ ಸರಳವಾದ ಆಕೃತಿಯು ಮುಳುಗಿಹೋಗುತ್ತದೆ. ಅಲ್ಲದೆ ಪ್ರತಿಯೊಂದು ದೃಶ್ಯವೂ ಪರದೆಯ ಮೇಲೆ ಇರುವುದು ಕೆಲವೇ ಸೆಕೆಂಡುಗಳು. ಅಷ್ಟರೊಳಗೆ ಕಣ್ಣು ಎಲ್ಲಿಗೆ ಹೋಗಬೇಕೆಂಬುದು ತಾನಾಗಿಯೇ ತಿಳಿಯಬೇಕು. ಎಲ್ಲವೂ ಸ್ಪಷ್ಟವಾಗಿದ್ದರೆ ಯಾವುದೂ ಮುಖ್ಯವಾಗುವುದಿಲ್ಲ. ಜಾತ್ರೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರೆ ಯಾರ ಮಾತೂ ಕೇಳಿಸದಿರುವಂತೆ.

ವಾಂಗರು ಈ ಸುದ್ದಿಯನ್ನು ಕೇಳಿದರು, ಕಾದಂಬರಿಯನ್ನು ಓದಿದರು. ಯಾರೂ ಹೇಳದಿದ್ದರೂ ಮನೆಯಲ್ಲಿ ಕುಳಿತು, ಕಾಡಿನಲ್ಲಿ ಜಿಂಕೆಯಿರುವ ಕೆಲವು ಚಿತ್ರಗಳನ್ನು ತಮ್ಮದೇ ರೀತಿಯಲ್ಲಿ ಬರೆದರು. ಅವುಗಳಲ್ಲಿ ಎಲೆಗಳಿರಲಿಲ್ಲ, ಎಲೆಗಳ ಭಾವವಿತ್ತು. ನಡುವೆ ಒಂದಿಷ್ಟು ಬೆಳಕು, ಅದರಲ್ಲಿ ಪುಟ್ಟ ಜಿಂಕೆ. ಸುತ್ತಲೂ ಮಂಜಿನಲ್ಲಿ ಕರಗುತ್ತಿರುವ ಮರಗಳು. ಅಂಚಿಗೆ ಹೋದಂತೆಲ್ಲ ಬರಿಯ ಬಣ್ಣದ ನೆರಳು. ಚಿತ್ರಗಳನ್ನು ಅವರು ‘ಬ್ಯಾಂಬಿ’ಯ ಕಲಾ ನಿರ್ದೇಶಕರಲ್ಲಿ ಒಬ್ಬರಾದ ಟಾಮ್ ಕಾಡ್ರಿಕ್‌ರಿಗೆ ತೋರಿಸಿದರು. ಅವರು ಅವುಗಳನ್ನು ಮೇಲಕ್ಕೆ ಕಳುಹಿಸಿದರು. ವಾಲ್ಟ್ ಡಿಸ್ನಿಯವರು ನೋಡಿ ಒಪ್ಪಿದರು. ಇಡೀ ಚಿತ್ರವು ಈ ಬಗೆಯಲ್ಲಿಯೇ ಇರಬೇಕೆಂದು ತೀರ್ಮಾನವಾಯಿತು.

ಅಂದಿನಿಂದ ವಾಂಗರ ಕೆಲಸ ಬದಲಾಯಿತು. ಕಾಡಿನ ಬೆಳಗು, ಮಳೆ, ಮೊದಲ ಹಿಮ, ಸಲಗ ಜಿಂಕೆಗಳೆರಡರ ಕಾದಾಟ, ಕಾಡುಗಿಚ್ಚು ಮುಂತಾದ ದೃಶ್ಯಗಳಿಗೆ ಅವರು ಜಲವರ್ಣದಲ್ಲಿಯೂ ಬಣ್ಣದ ಕಡ್ಡಿಯಲ್ಲಿಯೂ ಕಿರುಚಿತ್ರಗಳನ್ನು ಬರೆದುಕೊಟ್ಟರು. ಉಳಿದ ಹಿನ್ನೆಲೆಯ ಚಿತ್ರಗಾರರು ಅವುಗಳನ್ನು ಮುಂದಿಟ್ಟುಕೊಂಡು ಆ ರೀತಿಯನ್ನು ಅಭ್ಯಾಸ ಮಾಡಿದರು. ಕಾದಾಟದ ದೃಶ್ಯವನ್ನು ನೋಡಿದವರು ನೆನಪು ಮಾಡಿಕೊಳ್ಳಲಿ: ಹಸುರು ಮಾಯವಾಗಿ ಕತ್ತಲೆಯೇ ಕವಿದಂತಾಗುತ್ತದೆ, ಕಾದುವ ಜಿಂಕೆಗಳ ಅಂಚಿನಲ್ಲಿ ಮಾತ್ರ ಬೆಳಕು ಹೊಳೆಯುತ್ತದೆ. ಅಲ್ಲಿ ಬಣ್ಣವು ಮರದ ಬಣ್ಣವಲ್ಲ, ಕೋಪದ ಬಣ್ಣ. ತಾಯಿ ಜಿಂಕೆಯು ಬೇಟೆಗಾರನ ಗುಂಡಿಗೆ ಬಲಿಯಾಗುವ ಪ್ರಸಂಗದಲ್ಲಿ ಗುಂಡಿನ ಸದ್ದು ಕೇಳಿಸುತ್ತದೆ, ಹಿಮ ಬೀಳುತ್ತದೆ, ಮರಿಯು ತಾಯಿಯನ್ನು ಕೂಗುತ್ತ ಅಲೆಯುತ್ತದೆ. ಸಾವನ್ನು ತೋರಿಸುವುದೇ ಇಲ್ಲ. ತೋರಿಸದಿರುವುದರಿಂದಲೇ ಅದು ನಮ್ಮನ್ನು ಅಷ್ಟು ಕಲಕುತ್ತದೆ. ಹತ್ತು ವರ್ಷದವನಾಗಿದ್ದಾಗ ತಾಯಿಯನ್ನು ಅಗಲಿ ಬಂದು ಮತ್ತೆ ಕಾಣದೆ ಹೋದ ಒಬ್ಬನು ಆ ಕಾಡನ್ನು ಕಲ್ಪಿಸಿದನೆಂಬುದನ್ನು ತಿಳಿದ ಮೇಲೆ ಆ ಹಿಮವನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತೇವೆ.

ಆದರೆ ಚಿತ್ರ ಮುಗಿಯುವ ವರೆಗೆ ವಾಂಗರು ಅಲ್ಲಿ ಉಳಿಯಲಿಲ್ಲ. ೧೯೪೧ರಲ್ಲಿ ಡಿಸ್ನಿಯವರ ಚಿತ್ರಗಾರರು ತಮ್ಮ ಸಂಘದ ಮಾನ್ಯತೆಗಾಗಿ ಮುಷ್ಕರ ಹೂಡಿದರು. ವಾಂಗರು ಅದರಲ್ಲಿ ಸೇರಿರಲಿಲ್ಲ. ಹಾಗಿದ್ದೂ ಮುಷ್ಕರದ ತರುವಾಯ ಅವರನ್ನು ಕೆಲಸದಿಂದ ತೆಗೆಯಲಾಯಿತು. ೧೯೪೨ರ ಆಗಸ್ಟ್ ತಿಂಗಳಲ್ಲಿ ‘ಬ್ಯಾಂಬಿ’ ಬಿಡುಗಡೆಯಾದಾಗ ಹೆಸರುಗಳ ಪಟ್ಟಿಯಲ್ಲಿ ಹಿನ್ನೆಲೆಯ ಚಿತ್ರಗಾರರ ಸಾಲಿನಲ್ಲಿ, ಹಲವರ ನಡುವೆ ಒಬ್ಬರಾಗಿ ಮಾತ್ರ ಅವರ ಹೆಸರು ಬಂದಿತು. ಇಡೀ ಚಿತ್ರದ ಕಲೆಗೆ ದಾರಿ ತೋರಿದವರೆಂದು ಎಲ್ಲಿಯೂ ಹೇಳಲಿಲ್ಲ.

ಇಂತಹ ಸಂದರ್ಭದಲ್ಲಿ ಕುಂಚವನ್ನು ಮೂಲೆಗೆ ಎಸೆದವರುಂಟು. ವಾಂಗರು ಅದೇ ಕುಂಚವನ್ನು ಹಿಡಿದು ಬೇರೊಂದು ಬಾಗಿಲನ್ನು ತಟ್ಟಿದರು. ೧೯೪೨ರಲ್ಲಿ ವಾರ್ನರ್ ಬ್ರದರ್ಸ್ ಚಿತ್ರಸಂಸ್ಥೆಯನ್ನು ಸೇರಿ ೧೯೬೮ರ ವರೆಗೆ, ಎಂದರೆ ೨೬ ವರ್ಷ, ಅಲ್ಲಿ ದುಡಿದರು. ಅಲ್ಲಿ ಅವರದು ಕಾರ್ಟೂನಿನ ಕೆಲಸವಲ್ಲ. ನಟನಟಿಯರು ಅಭಿನಯಿಸುವ ಚಿತ್ರಗಳ ಪೂರ್ವಸಿದ್ಧತೆಯ ಕೆಲಸ. ಚಿತ್ರೀಕರಣಕ್ಕೆ ಮೊದಲು ಕಥೆಯನ್ನು ಓದಿ, ಒಂದೊಂದು ದೃಶ್ಯವು ಹೇಗೆ ಕಾಣಬೇಕೆಂಬುದನ್ನು ಅವರು ಚಿತ್ರವಾಗಿ ಬರೆದುಕೊಡುತ್ತಿದ್ದರು. ಬೀದಿ ಎಷ್ಟು ಅಗಲ, ಕಿಟಕಿ ಎಲ್ಲಿ, ನಾಯಕನ ಮುಖದ ಮೇಲೆ ಬೆಳಕು ಯಾವ ಕಡೆಯಿಂದ, ಕ್ಯಾಮರಾ ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಆ ಚಿತ್ರದಿಂದ ತಿಳಿಯಬಹುದಾಗಿತ್ತು. ಕಲಾ ನಿರ್ದೇಶಕನೂ ಬಡಗಿಯೂ ದೀಪಗಾರನೂ ಛಾಯಾಗ್ರಾಹಕನೂ ಅದನ್ನು ನೋಡಿ ತಮ್ಮ ತಮ್ಮ ಕೆಲಸಕ್ಕೆ ತೊಡಗುತ್ತಿದ್ದರು. ಮನೆ ಕಟ್ಟುವ ಮೊದಲು ನಕ್ಷೆ ಇರುವಂತೆ ಚಿತ್ರ ತೆಗೆಯುವ ಮೊದಲು ಇದು.

‘ರೆಬೆಲ್ ವಿದೌಟ್ ಎ ಕಾಸ್’ (೧೯೫೫), ‘ದಿ ಮ್ಯೂಸಿಕ್ ಮ್ಯಾನ್’ (೧೯೬೨), ‘ದಿ ವೈಲ್ಡ್ ಬಂಚ್’ (೧೯೬೯) ಮೊದಲಾದ ಹೆಸರಾಂತ ಚಿತ್ರಗಳಿಗೆ ಅವರು ಹೀಗೆ ಕೆಲಸ ಮಾಡಿದರು. ಎರವಲಾಗಿ ಹೋಗಿ ಬೇರೊಂದು ಸಂಸ್ಥೆಯ ಯುದ್ಧಚಿತ್ರವಾದ ‘ಸ್ಯಾಂಡ್ಸ್ ಆಫ್ ಐವೊ ಜಿಮಾ’ಕ್ಕೂ (೧೯೪೯) ಬರೆದರು. ಒಂದು ದಿನ ಕುದುರೆ ಸವಾರರ ಮರುಭೂಮಿ, ಇನ್ನೊಂದು ದಿನ ಸಮುದ್ರದ ದಂಡೆಯ ರಣರಂಗ, ಮತ್ತೊಂದು ದಿನ ಸಣ್ಣ ಊರಿನ ಮೆರವಣಿಗೆ. ಇಂತಹ ಕೆಲಸ ಮಾಡುವವರ ಹೆಸರು ಆ ಕಾಲದಲ್ಲಿ ಸಾಮಾನ್ಯವಾಗಿ ಪರದೆಯ ಮೇಲೆ ಬರುತ್ತಿರಲಿಲ್ಲ. ಚಿತ್ರ ಮುಗಿದ ಮೇಲೆ ಆ ಕರಡುಗಳ ಕೆಲಸವೂ ಮುಗಿಯಿತು. ನೀರಿನ ಗೆರೆಯಂತೆ ಅವು ತಮ್ಮ ಕಾರ್ಯ ಮಾಡಿ ಮರೆಯಾಗುವ ಚಿತ್ರಗಳು.

ಇದರ ನಡುವೆ ದೇಶವೂ ಅವರನ್ನು ಮೆಲ್ಲಗೆ ಒಪ್ಪಿಕೊಂಡಿತು. ಚೀನೀಯರನ್ನು ತಡೆದಿದ್ದ ಕಾನೂನು ೧೯೪೩ರಲ್ಲಿ ರದ್ದಾಯಿತು. ೧೯೪೬ರಲ್ಲಿ ವಾಂಗರು ಅಮೆರಿಕದ ಪ್ರಜೆಯಾದರು. ಅವರು ಆ ದ್ವೀಪಕ್ಕೆ ಬಂದಿಳಿದು ಕಾಲು ಶತಮಾನ ಕಳೆದಿತ್ತು.

ಚಿತ್ರಸಂಸ್ಥೆಯ ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಅವರ ಕುಂಚಕ್ಕೆ ವಿಶ್ರಾಂತಿಯಿರಲಿಲ್ಲ. ಹಾಲ್‌ಮಾರ್ಕ್ ಮೊದಲಾದ ಸಂಸ್ಥೆಗಳಿಗೆ ಕ್ರಿಸ್‌ಮಸ್ ಶುಭಾಶಯ ಪತ್ರಗಳನ್ನು ಬರೆದರು. ಅವು ಬಹಳ ಜನಪ್ರಿಯವಾದವು. ಹಿಮದ ಬಯಲಿನಲ್ಲಿ ಒಂದೇ ಮರ, ದೂರದಲ್ಲಿ ಒಂದು ಸಣ್ಣ ಆಕೃತಿ, ಉಳಿದುದೆಲ್ಲ ತೆರಪು ಎಂಬಂತಹ ರೀತಿ ಅವುಗಳದು. ಕ್ರೈಸ್ತರ ಹಬ್ಬದ ಪತ್ರದಲ್ಲಿ ಸೋಂಗ್ ಕಾಲದ ಚೀನಾ ಬಂದು ಕುಳಿತಿತ್ತು. ಕೊಂಡವರಿಗೆ ಅದು ಪರಕೀಯವೆನಿಸಲಿಲ್ಲ. ಪಸಡೀನಾದ ವಿನ್‌ಫೀಲ್ಡ್ ಕುಂಬಾರಿಕೆಯ ಸಂಸ್ಥೆಗಾಗಿ ಪಿಂಗಾಣಿಯ ಊಟದ ತಟ್ಟೆಗಳ ಮೇಲೆ ಕೈಯಿಂದ ಚಿತ್ರ ಬರೆದರು. ತಟ್ಟೆಯ ಮೇಲೆ ಬರೆಯುವಾಗ ತಿದ್ದುವ ಅವಕಾಶ ಕಡಮೆ. ಎಳೆದ ಗೆರೆ ಎಳೆದಂತೆಯೇ. ನೀರಿನಲ್ಲಿ ಪಳಗಿದ ಕೈಗೆ ಅದು ಕಷ್ಟವಾಗಲಿಲ್ಲವೆಂದು ತೋರುತ್ತದೆ.

೧೯೬೮ರಲ್ಲಿ ನಿವೃತ್ತರಾದ ಮೇಲೆ ಅವರು ಹಿಡಿದ ಹೊಸ ಕಸುಬು ವಿದ್ಯಾರ್ಥಿಗಳಿಗೆ ಬಹಳ ಹಿತವಾಗಬಹುದು. ಅದೇ ಗಾಳಿಪಟ ಮಾಡುವುದು. ಬಿದಿರನ್ನು ಸೀಳಿ, ಹದವಾಗಿ ಬಗ್ಗಿಸಿ, ಅದಕ್ಕೆ ಬಟ್ಟೆಯನ್ನೋ ಕಾಗದವನ್ನೋ ಹೊದಿಸಿ, ಬಣ್ಣ ಬರೆದು ಅವರು ಚಿಟ್ಟೆ, ಹೊಂಬಣ್ಣದ ಮೀನು, ಕವಲುಬಾಲದ ಹಕ್ಕಿ, ಪಾಂಡಾ ಮುಂತಾದ ಆಕಾರದ ಪಟಗಳನ್ನು ಮಾಡಿದರು. ಶನಿವಾರಗಳಂದು ಸಾಂಟಾ ಮೋನಿಕಾದ ಸಮುದ್ರತೀರಕ್ಕೆ ಹೋಗಿ ಹಾರಿಸುತ್ತಿದ್ದರು. ಇವುಗಳಲ್ಲಿ ಜನರನ್ನು ಬೆರಗುಗೊಳಿಸಿದುದು ಸುಮಾರು ೧೦೦ ಅಡಿ ಉದ್ದದ ಜರಿಹುಳುವಿನ ಪಟ.

ಜರಿಹುಳುವಿನ ಪಟವು ಒಂದೇ ಪಟವಲ್ಲ. ದುಂಡನೆಯ ಅನೇಕ ಬಿಲ್ಲೆಗಳನ್ನು ದಾರಗಳಿಂದ ಒಂದರ ಹಿಂದೆ ಒಂದರಂತೆ ಪೋಣಿಸಿರುತ್ತಾರೆ. ಪ್ರತಿಯೊಂದು ಬಿಲ್ಲೆಯ ಎರಡು ಪಕ್ಕಗಳಲ್ಲಿಯೂ ಚಾಚಿದ ಸಣ್ಣ ಕಡ್ಡಿಗಳಿರುತ್ತವೆ. ನೋಡುವವರಿಗೆ ಅವು ಹುಳುವಿನ ಕಾಲುಗಳು. ಪಟಕ್ಕೆ ಅವು ತಕ್ಕಡಿಯ ದಂಡಿಗೆಗಳು. ಪ್ರತಿಯೊಂದು ಬಿಲ್ಲೆಯೂ ತನ್ನ ಪಾಲಿನ ಗಾಳಿಯನ್ನು ಹಿಡಿದು ತನ್ನ ಭಾರವನ್ನು ತಾನೇ ಹೊರಬೇಕು. ಒಂದು ಬಿಲ್ಲೆ ಭಾರವಾದರೆ ಇಡೀ ಹುಳು ಓಲುತ್ತದೆ. ಇಲ್ಲಿಯೂ ಕಲಾವಿದನ ಜಾಣತನವೆಲ್ಲ ಬೇಡದ ಭಾರವನ್ನು ತೆಗೆದುಹಾಕುವುದರಲ್ಲಿದೆ. ಚಿತ್ರದಲ್ಲಿ ಹೆಚ್ಚಿನ ಗೆರೆಯನ್ನು ಉಳಿಸಿಕೊಂಡರೆ ನೋಡುವವನಿಗೆ ಬೇಸರವಾದೀತು, ಅಷ್ಟೆ. ಪಟದಲ್ಲಿ ಹೆಚ್ಚಿನ ಕಡ್ಡಿಯನ್ನು ಉಳಿಸಿಕೊಂಡರೆ ಅದು ನೆಲ ಬಿಟ್ಟು ಏಳುವುದೇ ಇಲ್ಲ. ಗಾಳಿಯಷ್ಟು ನಿಷ್ಪಕ್ಷಪಾತಿಯಾದ ವಿಮರ್ಶಕ ಬೇರೊಬ್ಬನಿಲ್ಲ.

ಕೀರ್ತಿಯು ಅವರ ಬಳಿಗೆ ತಡವಾಗಿ ಬಂದಿತು. ೨೦೦೧ರಲ್ಲಿ ಡಿಸ್ನಿ ಸಂಸ್ಥೆಯು, ತಾನೇ ೬೦ ವರ್ಷಗಳ ಹಿಂದೆ ಕಳುಹಿಸಿಬಿಟ್ಟಿದ್ದ ಈ ಚಿತ್ರಗಾರರಿಗೆ ತನ್ನ ಅತಿ ದೊಡ್ಡ ಗೌರವವಾದ ‘ಡಿಸ್ನಿ ಲೆಜೆಂಡ್’ ಬಿರುದನ್ನು ನೀಡಿತು. ಆಗ ಅವರಿಗೆ ೯೦ ದಾಟಿತ್ತು. ೨೦೧೩ರಲ್ಲಿ ಸಾನ್ ಫ್ರಾನ್ಸಿಸ್ಕೊದ ವಾಲ್ಟ್ ಡಿಸ್ನಿ ಫ್ಯಾಮಿಲಿ ಮ್ಯೂಸಿಯಮ್ಮಿನಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆ‌ಯಿತು. ಬಾಲಕನಾಗಿದ್ದಾಗ ಅವರು ಯಾವ ಕೊಲ್ಲಿಯ ದ್ವೀಪದಲ್ಲಿ ಒಬ್ಬರೇ ಅಳುತ್ತ ದಿನ ಎಣಿಸಿದ್ದರೋ ಆ ಕೊಲ್ಲಿಯ ದಂಡೆಯ ಊರು ಅದು. ೨೦೧೫ರಲ್ಲಿ ಅವರ ಜೀವನವನ್ನು ಕುರಿತು ‘ಟೈರಸ್’ ಎಂಬ ಸಾಕ್ಷ್ಯಚಿತ್ರ ಬಂದಿತು. ಮರುವರ್ಷ ಅವರು ಕಣ್ಮುಚ್ಚಿದರು.

ಈ ಬಾಳಿನಿಂದ ನಾವು ಕಲಿಯಬೇಕಾದುದೇನು? ಕಷ್ಟಪಟ್ಟರೆ ಫಲವುಂಟೆಂಬುದು ಎಲ್ಲರೂ ಹೇಳುವ ಮಾತು. ಆದರೆ ಇಲ್ಲಿ ಫಲವು ಬಂದುದು ಬಹಳ ತಡವಾಗಿ. ಕೆಲವು ಬಾರಿ ಬರಲೇ ಇಲ್ಲ. ತಾಯಿ ಮತ್ತೆ ಸಿಗಲಿಲ್ಲ. ‘ಬ್ಯಾಂಬಿ’ಯ ಹಳೆಯ ಪಟ್ಟಿಯಲ್ಲಿ ಹೆಸರು ಇದ್ದಲ್ಲಿಯೇ ಇದೆ. ನಮಗೆ ಹೆಚ್ಚು ಮುಖ್ಯವೆನಿಸುವುದು ಬೇರೊಂದು ಸಂಗತಿ. ಮನೆಯಲ್ಲಿ ತಂದೆ ಕಲಿಸಿದುದು ಹೊರಗಿನ ಲೋಕದಲ್ಲಿ ಉಪಯೋಗಕ್ಕೆ ಬಾರದೆಂದು ಅವರು ಎಣಿಸಲಿಲ್ಲ. ಹೊರಗಿನವರು ಕಲಿಸಿದುದನ್ನು ಬೇಡವೆಂದೂ ತಳ್ಳಲಿಲ್ಲ. ನೂರು ಮಂದಿ ಪರಿಣತರು ಬಿಡಿಸಲಾಗದೆ ಕುಳಿತಿದ್ದ ತೊಡಕನ್ನು ಬಿಡಿಸಿದುದು ಮನೆಯ ರಾತ್ರಿಯ ಪಾಠ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆಯಾಡುತ್ತ ಈ ಮಹಾನಗರದಲ್ಲಿ ಬೆಳೆಯುತ್ತಿರುವ ನಮಗೆ ಇದು ಯೋಚಿಸತಕ್ಕ ವಿಷಯವಲ್ಲವೇ?

ಇನ್ನು ಅವರ ಕಲೆಯ ಗುಟ್ಟನ್ನು ತಿಳಿಯಬೇಕೆನ್ನುವ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಖರ್ಚೇನೂ ಇಲ್ಲ. ಕಲ್ಲಿನ ನೆಲದ ಮೇಲೋ ಹಳೆಯ ವೃತ್ತಪತ್ರಿಕೆಯ ಮೇಲೋ ಕುಂಚವನ್ನು ನೀರಿನಲ್ಲಿ ಅದ್ದಿ ಒಂದು ಮರವನ್ನು ಬರೆಯಿರಿ. ಮೊದಲು ೨೦ ಗೆರೆಗಳಲ್ಲಿ, ಬಳಿಕ ೧೦ ಗೆರೆಗಳಲ್ಲಿ, ಕೊನೆಗೆ ಐದೇ ಗೆರೆಗಳಲ್ಲಿ. ಐದರಲ್ಲಿಯೂ ಅದು ಮರವೆಂದೇ ಕಂಡರೆ ಉಳಿದ ೧೫ ಬೇಡವಾಗಿದ್ದವೆಂದು ತಿಳಿಯಿತು. ಮತ್ತು ‘ಬ್ಯಾಂಬಿ’ ಚಿತ್ರವನ್ನು ನೋಡುವ ಅವಕಾಶ ದೊರೆತಾಗ, ಸ್ವಲ್ಪ ಹೊತ್ತು ಜಿಂಕೆಯನ್ನು ಬಿಟ್ಟು ಅದರ ಹಿಂದಿನ ಕಾಡನ್ನು ನೋಡಿರಿ. ಅಲ್ಲಿ ಬರೆಯದೆ ಬಿಟ್ಟ ಎಲೆಗಳು ಎಷ್ಟೆಂಬುದನ್ನು ಎಣಿಸಲು ಯಾರಿಂದಲೂ ಆಗದು. ಆದರೂ ಅವೆಲ್ಲವೂ ನಮಗೆ ಕಾಣುತ್ತವೆ.